ನೋವು ಶುರುವಾದ ಗಂಟೆ

ಮಂಗಳೂರಿಗೆ ಬಂದ ಮೂರನೇ ವಾರ ಸ್ವೀಡನ್ನಿನಿಂದ ನನಗೊಂದು ಪ್ರಶ್ನೆ ಬಂತು. ಹದಿನೇಳನೇ ನಂಬರಿನ ರೋಗಿಗೆ ಎದೆನೋವು ನಿಜಕ್ಕೂ ಎಷ್ಟು ಗಂಟೆಗೆ ಶುರುವಾಯಿತು?

ಕುಷ್ಟಗಿಯವನಾದ ನಾನು ಡಿಗ್ರಿ ಮುಗಿಸಿದ್ದೇ ಮೂವತ್ತೆಂಟಕ್ಕೆ. ಟೈಪಿಂಗಿಗೆ ಬಳಸುವುದು ಎರಡೇ ಬೆರಳು. ಹೃದಯಾಘಾತವಾದವರಿಗೆ ಎಷ್ಟು ಬೇಗ, ಎಂಥ ಚಿಕಿತ್ಸೆ ಸಿಕ್ಕಿತೆಂದು ಹಲವು ದೇಶಗಳು ಸೇರಿ ಬರೆದಿಡುವ ಪಟ್ಟಿಗೆ ರಿಜಿಸ್ಟ್ರಿ ಎನ್ನುತ್ತಾರೆ. ಆಸ್ಪತ್ರೆಯೊಂದರಲ್ಲಿ ಅದನ್ನು ತುಂಬುವುದೇ ನನ್ನ ಕೆಲಸ. ಬಾಡಿಗೆ ಕೋಣೆ ವಾಮಂಜೂರಿನಲ್ಲಿ. ಮನೆಯೊಡತಿ ದಿನಾ ತುಳುವಿನಲ್ಲಿ ‘ವನಸ್ ಆಂಡಾ’ ಎಂದು ಕೇಳುತ್ತಾರೆ, ಊಟ ಆಯಿತಾ ಎಂದು. ಜೋಳದ ರೊಟ್ಟಿಯ ಹೊಟ್ಟೆ ಕುಚ್ಚಲಕ್ಕಿಗೆ ಇನ್ನೂ ಒಗ್ಗಿಲ್ಲ. ಆದರೂ ಆಯಿತು ಎನ್ನುತ್ತೇನೆ.

ನಾನು ತುಂಬಿದ ಮೂವತ್ತೂ ಫಾರಂಗಳಲ್ಲಿ ನೋವು ಶುರುವಾದ ಅರ್ಧ ಗಂಟೆಗೆಲ್ಲ ರೋಗಿ ಆಸ್ಪತ್ರೆಯಲ್ಲಿದ್ದ. ಇದು ಸರಿಯಾಗದಿದ್ದರೆ ನಿಮ್ಮ ಫಾರಂಗಳನ್ನೆಲ್ಲ ಕೈಬಿಡುತ್ತೇವೆ ಎಂದು ಪಟ್ಟಿ ನಡೆಸುವ ಸ್ವೀಡನ್ನಿನವರು ಬರೆದಿದ್ದರು. ಜೊತೆಗಿದ್ದ ನರ್ಸ್ ಶೈಲಜಾ ಓದಿ ನಕ್ಕರು.

“ಎಂತ ಮಾರಾಯ್ರೆ, ನಮ್ಮವರಿಗೆ ರೆಕ್ಕೆ ಉಂಟಾ?”

ಹದಿನೇಳನೆಯವರು ತೊಕ್ಕೊಟ್ಟಿನ ಪಾತ್ರೆ ಅಂಗಡಿಯ ಇದಿನಬ್ಬ ಬ್ಯಾರಿ. ಫೋನಿನಲ್ಲಿ ಮತ್ತೆ ಸಂಜೆ ನಾಲ್ಕು ಎಂದರು. ಬಸ್ಸು ಹತ್ತಿ ಅಂಗಡಿಗೇ ಹೋದೆ, ಅಲ್ಲಿಯೂ ನಾಲ್ಕೇ. ಅಷ್ಟರಲ್ಲಿ ಅವರ ಹೆಂಡತಿ ನನಗೊಂದು ಸೋಡಾ ತಂದಿಟ್ಟರು. ಅದನ್ನು ನೋಡುತ್ತಲೇ, ನೀವು ಅವತ್ತು ಸೋಡಾ ಕುಡಿದಿದ್ದಿರಾ ಎಂದು ಕೇಳಿದೆ.

“ಅದು ಬೆಳಿಗ್ಗೆ ಎಂಟಕ್ಕೆ. ಗ್ಯಾಸಿಗೆ ಕುಡಿದದ್ದಲ್ವಾ.”

“ಮೂರು ಸೋಡಾ ಕುಡಿದು, ಎದೆ ಒತ್ತಿಕೊಂಡು ಲೋಡು ಬೇರೆ ಇಳಿಸಿದ್ದಾರೆ, ದೊಡ್ಡ ಪೈಲ್ವಾನ,” ಎಂದರು ಹೆಂಡತಿ.

ನೋವಿನಿಂದ ಆಸ್ಪತ್ರೆಯವರೆಗೆ ಅರ್ಧ ಗಂಟೆಯಲ್ಲ, ಎಂಟೂವರೆ ಗಂಟೆ! ನೇತ್ರಾವತಿ ಸೇತುವೆಯ ಮೇಲೆ ಬಸ್ಸಿನಲ್ಲಿ ನಾನು ಒಬ್ಬನೇ ನಗುತ್ತಿದ್ದೆ. ಗ್ಯಾಸ್ ಎಂದುಕೊಂಡ ಹೊತ್ತನ್ನು ಯಾರೂ ನೋವೆಂದು ಲೆಕ್ಕ ಹಿಡಿದೇ ಇರಲಿಲ್ಲ. ಶೈಲಜಾ ಮತ್ತು ನಾನು ಉಳಿದವರಿಗೂ ಫೋನು ಮಾಡಿ, ಗ್ಯಾಸಿಗೆ ಎಂತ ತೆಗೆದುಕೊಂಡಿರಿ, ಯಾವಾಗ ಎಂದು ಕೇಳಿದೆವು. ಸೋಡಾ, ಜೀರಿಗೆ ಕಷಾಯ, ಬಿಸಿನೀರು. ಅವುಗಳ ಹಿಂದೆ ಅಡಗಿದ್ದ ಗಂಟೆಗಳೆಲ್ಲ ಹೊರಬಂದವು. ಈ ಸೋಡಾ ಏನೆಂದು ಸ್ವೀಡನ್ನಿನವರಿಗೆ ಇಂಗ್ಲಿಷಿನಲ್ಲಿ ವಿವರಿಸಲು ನನ್ನ ಎರಡು ಬೆರಳಿಗೆ ಇಡೀ ಒಂದು ಬೆಳಗು ಬೇಕಾಯಿತು. ಫಾರಂಗಳು ಉಳಿದವು.

ಆ ಖುಷಿಯಲ್ಲೇ ಊರಿಗೆ ಫೋನು ಮಾಡಿದೆ. ನಮ್ಮವ್ವ ಎದೆನೋವು ಬಂದು ಅರ್ಧ ಗಂಟೆಯಲ್ಲಿ ಹೋದಳೆಂದು ಮನೆಯಲ್ಲಿ ಇಂದಿಗೂ ಹೇಳುತ್ತೇವೆ. ಅವತ್ತು ಅವ್ವ ಗ್ಯಾಸಿಗೆ ಅಜವಾನ, ಅಂದರೆ ಓಮದ ಕಾಳು, ಕೇಳಿದ್ದಳೇ ಎಂದು ಅಣ್ಣನನ್ನು ಕೇಳಿದೆ.

“ಮುಂಜಾನಿ ಹಾಲು ಕಾಸೂ ಹೊತ್ತಿಗೇ ಕೇಳಿದ್ಳು. ನಾನೇ ಕೊಟ್ಟೆ. ನಿಮ್ಮ ಮಂಗಳೂರಾಗ ಬರ್ಕೊಳ್ತಾರೇನು ಅದನ್ನ?”

ಅವ್ವ ಹೋದದ್ದು ದೀಪ ಹಚ್ಚುವ ಹೊತ್ತಿಗೆ. ಫಾರಂನ ತಲೆಯ ಮೇಲೆ ‘ಮಂಗಳೂರು’ ಎಂದು ಮೊದಲೇ ಅಚ್ಚಾಗಿರುತ್ತದೆ. ಆ ಗಂಟೆಗಳನ್ನು ಬರೆಯಲು ಅದರಲ್ಲಿ ಜಾಗವಿಲ್ಲ.