ಹಳದಿ ಟವಲು ಕಾಣುವ ಕಿಟಕಿ

ಬೆಳಗಿನ ಆರು ಗಂಟೆ. ವಾಲ್ಪರೈಸೊ ಬಂದರಿನ ಮೇಲೆ ಇನ್ನೂ ಮಂಜು. ಕೆಳಗಿನ ನಿಲ್ದಾಣದಿಂದ ಗಂಟೆ ಕೇಳಿಸುತ್ತದೆ. ಗುಡ್ಡದ ತುದಿಯ ಕೋಣೆಯಲ್ಲಿ ನೆಲಿದಾ ಓರ್ದೆನೆಸ್ ಬ್ರೇಕು ಸಡಿಲಿಸುತ್ತಾರೆ. ಉಕ್ಕಿನ ಹಗ್ಗ ಬಿಗಿಯುತ್ತದೆ. ಗುಡ್ಡದ ಹಳಿಯ ಮೇಲೆ ಜನರನ್ನು ಹೊತ್ತ ಒಂದು ಬಂಡಿ ಏರುತ್ತದೆ, ಇನ್ನೊಂದು ಇಳಿಯುತ್ತದೆ. ದಿನಕ್ಕೆ ನೂರ ಇಪ್ಪತ್ತು ಸಲ, ಹತ್ತೊಂಬತ್ತು ವರ್ಷದಿಂದ. ಒಂದು ಅಪಘಾತವೂ ಆಗಿಲ್ಲ. ಇಳಿದು ಹೋಗುವವರು ಯಾರೂ ಈ ಕೋಣೆಯತ್ತ ತಿರುಗಿಯೂ ನೋಡುವುದಿಲ್ಲ.

ಈ ಕೆಲಸ ಉಳಿದದ್ದು ಎಡಗಡೆಯ ಕಿಟಕಿಯಿಂದ. ಅಲ್ಲಿಂದ ಎದುರು ಗುಡ್ಡದ ಅವರ ತಗಡಿನ ಮನೆ ಕಾಣುತ್ತದೆ. ಹಡಗಿನ ಸರಕು ಹೊರುತ್ತಿದ್ದ ಗಂಡ ಕುಸ್ತೋದಿಯೊ ಬೆನ್ನು ಮುರಿದುಕೊಂಡ ಮೇಲೆ ಅಡುಗೆ, ಬಟ್ಟೆ, ಉಬ್ಬಸದ ಮಗಳು ಮೈತೆ ಎಲ್ಲವೂ ಮನೆಯಲ್ಲಿರುವ ಗಂಡನ ಪಾಲು. ಮಗಳು ಚೆನ್ನಾಗಿದ್ದರೆ ಬಟ್ಟೆ ಹಗ್ಗದ ಮೇಲೆ ಅವರು ಹಳದಿ ಟವಲು ಹಾಕುತ್ತಾರೆ; ಉಸಿರು ಕಟ್ಟಿದರೆ ನೀಲಿ ಕಂಬಳಿ, ಮನೆಗೆ ಬಾ ಎಂಬ ಸೂಚನೆ. ಕೆಲಸದ ವೇಳೆ ಫೋನು ಬೀಗದ ಪೆಟ್ಟಿಗೆಯಲ್ಲಿರಬೇಕೆಂಬುದು ಕಂಪನಿಯ ನಿಯಮ.

"ಹಳದಿ ಕಂಡ್ರೆ ನನ್ನ ಕೈ ತಪ್ಪಲ್ಲ, ಬರ್ಕೊಳ್ಳಿ. ನಮ್ಮ ಮುದುಕ ಅಲ್ಲಿ ಮನೆ ನೋಡ್ಕೊಂಡಿದ್ದಕ್ಕೆ ನಾನಿಲ್ಲಿ ಬ್ರೇಕ್ ನೋಡ್ಕೊಂಡೆ," ಎಂದು ವರದಿಗೆಂದು ಬಂದ ನನಗೆ ನೆಲಿದಾ ಹೇಳುತ್ತಾರೆ.

ಮಾರ್ಚಿನಲ್ಲಿ ಬಂದ ಹೊಸ ಮೇಲ್ವಿಚಾರಕ ಆ ಕಿಟಕಿಗೆ ಹೊರಗಿನಿಂದ ಜಾಹೀರಾತಿನ ಹಲಗೆ ಹೊಡೆಸಿದ. "ಮನೆ ವಿಚಾರ ಮನೇಲಿ ಬಿಟ್ಟು ಬಾಮ್ಮ," ಎಂದನಂತೆ. ಹಲಗೆಯ ಮೇಲೇನು ಗೊತ್ತೆ? ಹಲ್ಲು ಕಿರಿಯುವ ಅಪ್ಪ, ಅಮ್ಮ, ಇಬ್ಬರು ಮಕ್ಕಳು. 'ನಿಮ್ಮ ಕುಟುಂಬವೇ ನಮ್ಮ ಕುಟುಂಬ.' ಇವರಿಗೆ ನಾಚಿಕೆಯಾದರೂ ಬೇಡವೇ? ಓದಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ಜೂನಿನ ಒಂದು ಬೆಳಿಗ್ಗೆ ನೀಲಿ ಕಂಬಳಿ ಎರಡು ಗಂಟೆ ನೇತಾಡಿತು. ನೆಲಿದಾಗೆ ಕಾಣಲಿಲ್ಲ. ಕೊನೆಗೆ ಕುಸ್ತೋದಿಯೊ ಮೆಟ್ಟಿಲ ಮೇಲೆ ತೆವಳಿಕೊಂಡು ಪಕ್ಕದ ಮನೆಯವರನ್ನು ಕೂಗಿದರು. ಮಗು ಉಳಿದದ್ದೇ ಹೆಚ್ಚು.

"ಅಲ್ಲಿ ಮಗು ಒದ್ದಾಡ್ತಿತ್ತು. ಇಲ್ಲಿ ನಾನು ಬಂಡಿ ಹತ್ತಿಸ್ತಾ ಇಳಿಸ್ತಾ ಕೂತಿದ್ದೆ!" ನೆಲಿದಾ ಮೇಜಿಗೆ ಬಡಿದ ಏಟಿಗೆ ಚಹಾ ತುಳುಕುತ್ತದೆ.

ಮರುದಿನವೇ ಗಂಡನ ಹಳೆಯ ಡ್ರಿಲ್ ತಂದು ಹಲಗೆಯಲ್ಲಿ ಮುಷ್ಟಿಯಗಲದ ತೂತು ಮಾಡಿದರು. ಹೊರಗಿನಿಂದ ನೋಡಿದರೆ ಅದು ಆ ಅಪ್ಪನ ಹಲ್ಲಿನ ಸಾಲಿನಲ್ಲೇ ಇದೆ. ಈಗ ನೋಟಿಸು ಬಂದಿದೆ: ಮೂರು ದಿನದಲ್ಲಿ ಕಾರಣ ಕೊಡದಿದ್ದರೆ ಕೆಲಸದಿಂದ ವಜಾ. ನೆಲಿದಾ ಎರಡೇ ಸಾಲು ಬರೆದು ಕಳಿಸಿದ್ದಾರೆ. "ತೂತು ಕೊರೆದವಳು ನಾನೇ. ಮುಚ್ಚಿದರೆ ಇನ್ನೂ ದೊಡ್ಡದು ಕೊರೆಯುತ್ತೇನೆ."

ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ತೂತಿಗೆ ಕಣ್ಣಿಟ್ಟು ನೋಡುತ್ತಾರೆ. ಹಳದಿ. ಕೆಳಗಿನಿಂದ ಗಂಟೆ ಕೇಳಿಸುತ್ತದೆ, ಕೈ ಬ್ರೇಕಿಗೆ ಹೋಗುತ್ತದೆ.

"ಇನ್ನೂ ಹತ್ತು ವರ್ಷ ಇದನ್ನ ಹಿಡೀಬೇಕು ಅಂತ ಆಸೆ ಇದೆ ಕಣಮ್ಮ. ಆದ್ರೆ ಕಣ್ಣಿಗೆ ಪಟ್ಟಿ ಕಟ್ಕೊಂಡು ಹಿಡಿಯೋಳಲ್ಲ ನಾನು."