ಎಲ್ಲರಿಗೂ ಅನ್ನುವ ಮಾತು

ಹೊಳೆನರಸೀಪುರದ ಪೇಟೆ ಬೀದಿಯ ಕೊನೆಗೆ ಒಂದು ಮಿಷನ್ ದವಾಖಾನೆ ಇತ್ತು. ಅಲ್ಲಿ ಬಾಣಂತಿಯರ ಬಟ್ಟೆ ಒಗೆದು, ನೀರು ಕಾಯಿಸಿ ಕೊಡುತ್ತಿದ್ದವಳು ಮುದ್ದಮ್ಮ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ಪ್ಲೇಗಿಗೆ ಹೋದ. ಹೆತ್ತವ್ವನ ಮುಖವನ್ನಂತೂ ಅವಳು ಕಂಡೇ ಇರಲಿಲ್ಲ. ಬಾಯಿ ಮಾತ್ರ ಬೆಂಕಿ. ದವಾಖಾನೆಗೆ ಬಂದ ಗೌಡರೂ ಅವಳಿಗೆ ಹೆದರಿ ಚಪ್ಪಲಿ ಹೊರಗೇ ಬಿಡುತ್ತಿದ್ದರು.

ಆ ಬೆಂಕಿಯನ್ನು ತಣಿಸುತ್ತಿದ್ದದ್ದು ಒಂದೇ ಒಂದು ಮಾತು. ದವಾಖಾನೆಯ ವಯಸ್ಸಾದ ಸನ್ಯಾಸಿನಿ ಸ್ಪೇನ್ ದೇಶದವರು, ಊರಿಗೆಲ್ಲ ಸಿಸ್ಟರಮ್ಮ. ಅವರು ಮುದ್ದಮ್ಮನನ್ನು "ಈಹಾ" ಎಂದು ಕರೆಯುತ್ತಿದ್ದರು. ಹಾಗೆಂದರೇನೆಂದು ಒಂದು ದಿನ ಇವಳೇ ಕೇಳಿದಳು.

"ನಮ್ಮ ದೇಶದ ಮಾತು. ಮಗಳು ಅಂತ."

ಅಯ್ಯೋ, ಅವತ್ತು ಮುದ್ದಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಮಾರನೆಯ ದಿನ ನೋಡಿದರೆ, ಸಿಸ್ಟರಮ್ಮ ಹೆರಿಗೆಗೆ ಬಂದ ಯಾರೋ ಹೆಂಗಸಿನ ಬೆನ್ನು ಸವರುತ್ತ ಅದೇ ಮಾತು ಅಂದರು. ಮೊಸರು ಮಾರುವವಳಿಗೂ ಅಂದರು.

"ಎಲ್ರಿಗೂ ಅದ್ನೇ ಅಂತೀರಲ್ಲ?" ಎಂದಳು ಮುದ್ದಮ್ಮ, ಮುಖ ಊದಿಸಿಕೊಂಡು.

"ನಮ್ಮಲ್ಲಿ ಚಿಕ್ಕ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ನೀವು ಕಂಡವರನ್ನೆಲ್ಲ ತಾಯಿ ಅನ್ನುವುದಿಲ್ಲವೇ?"

ಅದೂ ಸರಿಯೇ. ಆದರೂ ತಾನು ನಿಜಕ್ಕೂ ಮಗಳೋ, ಇಲ್ಲ ಮೊಸರಿನವಳ ಹಾಗೆ ಯಾರೋ ಒಬ್ಬಳೋ? ಕೇಳಲು ನಾಚಿಕೆ, ಕೇಳದಿರಲು ಸಂಕಟ. ಹಾಗೇ ವರ್ಷಗಳು ಉರುಳಿದವು.

ಯುದ್ಧ ಮುಗಿದ ವರ್ಷ ದವಾಖಾನೆ ಮುಚ್ಚಿತು. ಸಿಸ್ಟರಮ್ಮನಿಗೆ ಬೆಂಗಳೂರಿನಿಂದ ಕರೆ ಬಂತು. ಮುದ್ದಮ್ಮ ಕೊಣನೂರಿನ ಅಣ್ಣನ ಮನೆಗೆ ಹೋಗುವುದೆಂದಾಯಿತು. ಗಂಟು ಹಿಡಿದು ಹೊರಟವಳನ್ನು ಸಿಸ್ಟರಮ್ಮ ಜಗಲಿಯಲ್ಲಿ ತಡೆದರು. ಅವರ ಕೈಯಲ್ಲೊಂದು ಮೊರ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು.

"ಸೆರಗು ಒಡ್ಡು," ಎಂದರು.

ತವರಿನಿಂದ ಹೊರಟ ಮುತ್ತೈದೆಗೆ ತುಂಬುವ ಮಡಿಲಕ್ಕಿ ಅದು! ಗಂಡ ಸತ್ತವಳಿಗೆ ಯಾರೂ ತುಂಬುವುದಿಲ್ಲ. ಎದುರುಮನೆಯ ಸುಬ್ಬಮ್ಮ ಬಾಯಿ ಬಡಿದುಕೊಂಡು ಓಡಿಬಂದಳು.

"ಬುಡ್ತು ಅನ್ನಿ ಸಿಸ್ಟರಮ್ಮಾ! ಗಂಡ ಸತ್ತೋಳಿಗೆ ಯಾರಾರ ಮಡ್ಲಕ್ಕಿ ಉಯ್ತಾರಾ?"

ಸಿಸ್ಟರಮ್ಮ ಸುಬ್ಬಮ್ಮನ ಕಡೆ ತಿರುಗಿದರು. "ಅದು ನನಗೆ ಗೊತ್ತಿರಲಿಲ್ಲ. ಮಗಳು ಮನೆ ಬಿಟ್ಟು ಹೊರಟರೆ ಮಡಿಲು ತುಂಬಬೇಕು ಅಂತ ಮಾತ್ರ ಗೊತ್ತಿತ್ತು. ಇದನ್ನು ಎಲ್ಲರಿಗೂ ಮಾಡುವುದಿಲ್ಲವಲ್ಲ," ಎಂದು ಮೊರ ಕೆಳಗಿಳಿಸಹೋದರು.

ಮುದ್ದಮ್ಮ ಗಂಟನ್ನು ನೆಲಕ್ಕೆ ಬಿಟ್ಟು, ಎರಡೂ ಕೈಯಲ್ಲಿ ಸೆರಗು ಅಗಲಿಸಿ ಹಿಡಿದಳು.

"ನಮ್ಮವ್ವ ಉಯ್ತಾವ್ಳೆ, ನೀ ಸುಮ್ಕಿರು ಸುಬ್ಬಮ್ಮ," ಎಂದಳು. "ಉಯ್ಯವ್ವಾ."