ಹಿಂಬದಿಯ ದಾರ

ನನ್ನ ಅಕ್ಕ ಮಷೀನಿನಲ್ಲಿ ಕಸೂತಿ ಹಾಕುವವಳು. ಕೆಲಸ ಕಲಿಯಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಬಟ್ಟೆ ತಿರುಗಿಸಿ ಹಿಂದೆ ನೋಡು. ಮುಂದೆ ಎಲ್ಲಾರೂ ಚೆಂದಾನೇ ಮಾಡ್ತಾರೆ." ಭಾವನನ್ನೂ ಹಾಗೇ ತಿರುಗಿಸಿ ನೋಡಿ ಒಪ್ಪಿಕೊಂಡಳು ಎಂದು ನಾನು ಛೇಡಿಸುತ್ತಿದ್ದೆ.

ಭಾವ ಕಂಪ್ಯೂಟರಿನಲ್ಲಿ ಹೂಬಳ್ಳಿ ಬರೆಯುತ್ತಿದ್ದರು. ಸೂಜಿ ಎಲ್ಲಿ ಶುರುಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದರಲ್ಲೇ ಕೂಡಿಸುತ್ತಿದ್ದರು. ಮಹಾ ಹಟಮಾರಿ. ಉಳಿದವರೆಲ್ಲ ತೊಟ್ಟಿನಿಂದ ಶುರುಮಾಡಿದರೆ ಇವರು ಎಲೆಗಳನ್ನೆಲ್ಲ ಮುಗಿಸಿ ಆಮೇಲೆ ಹೂವಿಗೆ ಹಾರುತ್ತಿದ್ದರು. ಹಾರಿದಲ್ಲೆಲ್ಲ ಬಟ್ಟೆಯ ಹಿಂದೆ ಉದ್ದ ದಾರ ಜೋತಾಡುತ್ತಿತ್ತು. "ನಿಮ್ಮ ಹಿಂದೆ ಕಸ ಗುಡಿಸೋದೇ ಆಯ್ತು ನನ್ನ ಬಾಳು" ಎಂದು ಅಕ್ಕ ಕತ್ತರಿ ಆಡಿಸುತ್ತ ಗೊಣಗುತ್ತಿದ್ದಳು. ಅವರು ನಗುತ್ತಿದ್ದರು, ತಿದ್ದಿಕೊಳ್ಳುತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಅವರ ಹೂಗಳು ಆ ಕಂಪ್ಯೂಟರಿನಲ್ಲಿ ಉಳಿದವು. ಅಕ್ಕ ದಿನಾ ಒಂದನ್ನು ಮಷೀನಿಗೆ ಕಳಿಸಿ ಸೂಜಿ ಓಡುವುದನ್ನೇ ನೋಡುತ್ತ ಕೂರುತ್ತಿದ್ದಳು. "ನೋಡೇ, ಮತ್ತೆ ಎಲೆಯಿಂದಾನೇ ಶುರು ಮಾಡಿದ್ರು" ಎನ್ನುತ್ತಿದ್ದಳು, ಅವರು ಪಕ್ಕದಲ್ಲೇ ಕೂತಿದ್ದಾರೆ ಎನ್ನುವಂತೆ.

ಕಂಪ್ಯೂಟರಿಗೂ ವಯಸ್ಸಾಗಿತ್ತು, ಕೆಲಸದ ನಡುವೆಯೇ ಕಣ್ಣು ಮುಚ್ಚಿಬಿಡುತ್ತಿತ್ತು. ಒಂದು ದಿನ ಏಳದೇ ಹೋದರೆ ಹೂಗಳ ಗತಿಯೇನು ಎಂದು ಹೆದರಿ, ಅದನ್ನೂ ಎತ್ತಿಕೊಂಡು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಕ್ಲೌಡ್ ಕಂಪ್ಯೂಟರ್ ತೋರಿಸಿದ. ಅದರೊಳಗೆ ಏನನ್ನೂ ಇಡಬೇಕಿಲ್ಲವಂತೆ. ಎಲ್ಲ ಇಂಟರ್ನೆಟ್ಟಿನಲ್ಲೇ ಇರುತ್ತದೆ, ಪೆಟ್ಟಿಗೆ ಕೆಟ್ಟರೂ ಒಳಗಿನದು ಕೆಡುವುದಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದೂ ಅದೇ.

"ಕಂಪ್ಯೂಟರಲ್ಲಿ ಏನೇನ್ ಮಾಡ್ತೀರಮ್ಮ?" ಎಂದು ಅವನು ಕೇಳಿದ.

"ಬಿಲ್ ಬರೀತೀನಿ. ಗಿರಾಕಿಗಳಿಗೆ ಫೋಟೋ ಕಳಿಸ್ತೀನಿ. ಮತ್ತೆ ನಮ್ಮನೆಯವರ ಹೂಗಳಿವೆ."

"ಅಷ್ಟಕ್ಕೆ ಇದೇ ಸರಿ. ಎಲ್ಲಾನೂ ಮೇಲಕ್ಕೆ ಹಾಕ್ಕೊಡ್ತೀನಿ. ನೀವೇ ನೋಡಿ ಒಪ್ಕೊಳ್ಳಿ."

ಪರದೆಯ ಮೇಲೆ ಹೂಗಳು ಬಣ್ಣಬಣ್ಣವಾಗಿ ಬಂದವು. ಯಾವುದೂ ಬಿಟ್ಟುಹೋಗಿಲ್ಲ ತಾನೇ ಎಂದು ಅಕ್ಕ ಒಂದೊಂದನ್ನೂ ನೋಡಿದಳು, ಕಣ್ಣೊರೆಸಿಕೊಂಡಳು, ಹಳೆಯದನ್ನು ಬದಲಿಗೆ ಕೊಟ್ಟುಬಿಟ್ಟಳು. ಜೀವಮಾನವಿಡೀ ತಿರುಗಿಸಿ ನೋಡಿದವಳು ಅಂದು ಮುಂಭಾಗ ಮಾತ್ರ ನೋಡಿದ್ದಳು.

ಮನೆಯಲ್ಲಿ ಮಷೀನು ಒಂದು ಹೂವನ್ನೂ ಒಪ್ಪಲಿಲ್ಲ. ನಾವು ಮತ್ತೆ ಅಂಗಡಿಗೆ ಓಡಿದೆವು.

"ಆ ಕಸೂತಿ ಪ್ರೋಗ್ರಾಮ್ ಇದ್ರಲ್ಲಿ ನಡೆಯಲ್ಲಮ್ಮ," ಎಂದ ಅವನು, ಮುಖ ಸಣ್ಣದು ಮಾಡಿಕೊಂಡು. "ತೆಗೆಯೋಕೇ ಬರದ ಫೈಲ್ ಯಾಕೆ ಅಂತ ಚಿತ್ರ ಮಾಡಿ ಹಾಕ್ದೆ. ಹಳೇದನ್ನ ಪೂರ್ತಿ ಅಳಿಸಿ ಆಯ್ತು."

ಹೂವಿನ ಚಿತ್ರವಿತ್ತು, ಸೂಜಿಯ ದಾರಿ ಇರಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಹೊಸ ಕಂಪ್ಯೂಟರಿನ ತಪ್ಪೇನೂ ಇಲ್ಲ ಬಿಡಿ, ಅಕ್ಕನ ಬಿಲ್, ಫೋಟೋಗಳೆಲ್ಲ ಇವತ್ತಿಗೂ ಅದರಲ್ಲೇ ಸಲೀಸಾಗಿ ನಡೆಯುತ್ತವೆ. ಆದರೂ ಅದನ್ನು ಕಂಡರೆ ನನಗೆ ಆಗುವುದಿಲ್ಲ.

ಕೊನೆಗೆ ಆ ಚಿತ್ರಗಳಲ್ಲೊಂದನ್ನು ಬೇರೊಬ್ಬ ವಿನ್ಯಾಸಗಾರನಿಗೆ ಕೊಟ್ಟು ಮತ್ತೆ ಬರೆಸಿದೆವು. ಮಷೀನು ಓಡಿತು. ಸೂಜಿ ತೊಟ್ಟಿನಿಂದ ಶುರುಮಾಡಿ, ಎಲ್ಲೂ ಹಾರದೆ, ಅಚ್ಚುಕಟ್ಟಾಗಿ ಮುಗಿಸಿತು. ಅಕ್ಕ ರೂಢಿಯಂತೆ ಕತ್ತರಿ ಹಿಡಿದು ಬಟ್ಟೆ ತಿರುಗಿಸಿದಳು. ಹಿಂದೆ ಒಂದೇ ಒಂದು ಎಳೆಯೂ ಜೋತಾಡುತ್ತಿರಲಿಲ್ಲ.

"ಗುಡಿಸೋಕೆ ಏನೂ ಬಿಟ್ಟಿಲ್ವಲ್ಲೇ" ಎಂದಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.